ಹೆಸರು ತಪಾಸಕರಿಗೆ, ಸೋದರಮಾವನ ಪರವಾಗಿ

ಪರಮ ಮಾನ್ಯರಾದ ಹೆಸರು ತಪಾಸಕ ತಂತ್ರಾಂಶದವರೇ,

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಖಾಲಿ ಔಷಧಿ ಡಬ್ಬಗಳ ಪಕ್ಕದ ಮೇಜಿನ ಮುಂದೆ ಕೂತು ಪ್ರೋಗ್ರಾಮ್ ಬರೆಯುವವಳ ಸವಿನಯ ನಮಸ್ಕಾರಗಳು. ನಾವು ಬರೆದ ಒಂದೊಂದು ಸಾಲನ್ನೂ ತಾವು ಬೇಸರಿಸದೆ ಓದಿ, ಹೆಸರು ಸರಿಯಿಲ್ಲದ್ದಕ್ಕೆ ಕೆಂಪು ಗೆರೆ ಎಳೆದು ಹಿಂದಕ್ಕಟ್ಟುವುದರಿಂದಲೇ ನಮ್ಮಲ್ಲಿ ಶಿಸ್ತು ಉಳಿದಿದೆ ಎಂದು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಪ್ರೋಗ್ರಾಮ್ ಸರಿಯಾಗಿ ಓಡುತ್ತದೆಯೇ ಎಂದು ತಾವು ಎಂದೂ ಕೇಳಿದವರಲ್ಲ.

ತಮ್ಮ ಕಟ್ಟಳೆಗಳು ನನಗೆ ಬಾಯಿಪಾಠ. ಪ್ಯಾಕೇಜ್, ಅಂದರೆ ಬರೆದದ್ದನ್ನು ಒಟ್ಟಿಗಿಡುವ ಪೆಟ್ಟಿಗೆ, ಚಿಕ್ಕಕ್ಷರದ ಒಂದೇ ಪದವಾಗಿರಬೇಕು. ಅದರೊಳಗಿನ ಟೈಪ್, ಅಂದರೆ ಒಂದೊಂದು ಬಗೆಯ ಮಾಹಿತಿಗೆ ಮಾಡಿದ ಅಚ್ಚು, ಇಂಗ್ಲಿಷ್ ನಿಘಂಟಿನ ನಾಮಪದವಾಗಿರಬೇಕು, ಹನ್ನೆರಡು ಅಕ್ಷರ ಮೀರಬಾರದು, ಕ್ಯಾಪಿಟಲ್ ಎಂಬ ದೊಡ್ಡಕ್ಷರದಿಂದ ಶುರುವಾದರೆ ಮಾತ್ರ ಪೆಟ್ಟಿಗೆಯ ಹೊರಗೆ ಮುಖ ತೋರಿಸಬಹುದು. ಹೀಗಾಗಿ, ರೋಗಿಯ ಮನೆಯವರಲ್ಲಿ ಯಾರಿಗೆ ಯಾವ ಕಾಯಿಲೆ ಎಂದು ದಾಖಲಿಸುವ ನನ್ನ ‘ಫ್ಯಾಮಿಲಿ’ ಪ್ಯಾಕೇಜಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಅತ್ತೆಯ ಗಂಡ ಎಲ್ಲರೂ ತಮ್ಮ ಕೃಪೆಯಿಂದ ಒಬ್ಬನೇ ‘ಅಂಕಲ್’ ಆಗಿ, ಡಾಕ್ಟರ ಕಂಪ್ಯೂಟರ್ ತೆರೆಯ ಮೇಲೂ ಅದೇ ಹೆಸರಿನಿಂದ ಮೂಡಿದರು.

ಕಳೆದ ಸೋಮವಾರ ಒಬ್ಬ ದರ್ಜಿ ಹಲ್ಲು ಕೀಳಿಸಲು ಬಂದರು. ‘ಅಂಕಲ್: ರಕ್ತ ಬೇಗ ನಿಲ್ಲದ ಕಾಯಿಲೆ’ ಎಂದು ತೆರೆ ಹೇಳಿತು. ಈ ಕಾಯಿಲೆ ತಾಯಿಯ ಕಡೆಯಿಂದ ಬರುವಂಥದ್ದು. ಹಲ್ಲಿನ ಡಾಕ್ಟರು ಈ ಅಂಕಲ್ ಅಪ್ಪನ ಕಡೆಯ ಚಿಕ್ಕಪ್ಪನಿರಬೇಕು, ಭಯವಿಲ್ಲ ಎಂದುಕೊಂಡು ಇಕ್ಕಳ ಕೈಗೆತ್ತಿಕೊಂಡರು. ಅಷ್ಟರಲ್ಲಿ ನರ್ಸಮ್ಮ, “ಅಂಕಲ್ ಅಂದ್ರೆ ಯಾರ್ರೀ ಅದು, ನಿಮ್ಮಮ್ಮನ ತಮ್ಮನಾ?” ಎಂದು ಸುಮ್ಮನೆ ಕೇಳಿದರು, ಬಾಯಿತುಂಬ ಹತ್ತಿ ತುಂಬಿಕೊಂಡಿದ್ದ ದರ್ಜಿ ಹೌದೆಂದು ತಲೆಯಾಡಿಸಿದರು, ಇಕ್ಕಳ ತಟ್ಟೆಗೆ ಮರಳಿತು. ಈ ಸುದ್ದಿ ನೆಲಮಾಳಿಗೆಗೂ ಬಂತು, ಆ ಅಂಕಲ್ಲನ್ನು ಹೆತ್ತವಳು ನಾನೇ.

ಕೂಡಲೇ ‘ಮೆಟರ್ನಲ್‌ಅಂಕಲ್’ ಎಂದು ತಿದ್ದಿ ಕಳಿಸಿದೆ. ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರವಾಯಿತೆಂದು ತಾವು ತಿರಸ್ಕರಿಸಿದಿರಿ. ಇಂಗ್ಲಿಷ್ ಅಕ್ಷರದಲ್ಲೇ ‘ಸೋದರಮಾವ’ ಎಂದು ಬರೆದೆ. ಅರ್ಥವಿಲ್ಲದ ಪದ ಎಂದಿರಿ. ಕನ್ನಡದಲ್ಲೇ ಬರೆದಾಗ ಕಂಪ್ಯೂಟರು ತಕರಾರಿಲ್ಲದೆ ಒಪ್ಪಿತು, ಆದರೆ ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ‘ಮೊದಲನೆಯದು ದೊಡ್ಡಕ್ಷರವಲ್ಲ’ ಎಂದು ತಾವು ಬಾಗಿಲು ಹಾಕಿದಿರಿ. ನಮ್ಮ ಅಕ್ಷರಮಾಲೆಯಲ್ಲಿ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲ, ಮಾನ್ಯರೇ. ‘ಸ’ ಎಲ್ಲಿ ಕೂತರೂ ‘ಸ’ ಅಷ್ಟೇ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಕಾಗುಣಿತ ಕಲಿಸುವ ಮೇಷ್ಟ್ರುಗಳನ್ನೆಲ್ಲ ಕರೆಸಿ, ‘ಸೋ’ ಒಂದನ್ನಾದರೂ ಇಂದಿನಿಂದ ದೊಡ್ಡಕ್ಷರವೆಂದು ಘೋಷಿಸಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ಒಂದು ಭಾನುವಾರ ನಮ್ಮ ಮನೆಗೆ ದಯಮಾಡಿಸಿ, ನೆಂಟರು ತುಂಬಿದ ಹಜಾರದಲ್ಲಿ ನಿಂತು ‘ಅಂಕಲ್’ ಎಂದೊಮ್ಮೆ ಕೂಗಿ ನೋಡಬೇಕು. ಏಳು ಜನ ತಿರುಗಿ ನೋಡುತ್ತಾರೆ, ನನ್ನ ಸೋದರಮಾವ ಮಾತ್ರ ನೋಡುವುದಿಲ್ಲ, ಸಂಜೆಯವರೆಗೂ ಮುಖ ಊದಿಸಿಕೊಂಡಿರುತ್ತಾರೆ. ಅವರನ್ನು ಸಮಾಧಾನ ಮಾಡುವ ಹೊಣೆಯೂ ತಮ್ಮದೇ.

ಮೂವತ್ತೊಂದು ಸಲ ತಿರಸ್ಕೃತಳಾದರೂ,
ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಪ್ರೋಗ್ರಾಮರ್

ಮರೆತ ಮಾತು: ಬೇಸತ್ತು ಈಗಷ್ಟೇ ಸೋದರಮಾವನಿಗೆ ‘ಥಿಂಗ್’ ಎಂದು ಹೆಸರಿಟ್ಟು ಕಳಿಸಿದೆ. ನಿಘಂಟಿನ ಪದ, ಐದೇ ಅಕ್ಷರ, ಮೊದಲನೆಯದು ದೊಡ್ಡದು. ತಾವು ಕಣ್ಣು ಮುಚ್ಚಿ ಹಸಿರು ಗುರುತು ಹಾಕಿದಿರಿ, ಧನ್ಯವಾದಗಳು. ದರ್ಜಿಯವರ ಹಲ್ಲನ್ನು ನಾಳೆ ದೊಡ್ಡಾಸ್ಪತ್ರೆಯಲ್ಲಿ ಕೀಳುತ್ತಾರೆ. ತೆರೆಯನ್ನು ನಂಬದ ನರ್ಸಮ್ಮ ಅವರ ಮುಂಗೈ ಮೇಲೆ ದಪ್ಪ ಪೆನ್ನಿನಿಂದ ‘ಸೋದರಮಾವನಿಗೆ ರಕ್ತ ನಿಲ್ಲುತ್ತಿರಲಿಲ್ಲ’ ಎಂದು ಬರೆದು ಕಳಿಸಿದ್ದಾರೆ. ದೊಡ್ಡ ಅಕ್ಷರದಲ್ಲೇ ಬರೆದಿದ್ದಾರೆ, ಮಾನ್ಯರೇ, ನಾನೇ ನೋಡಿದೆ.