ಗೋಡೆ ದಾಟದ ಅರ್ಧ

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೊದಲ ಬೆಳಿಗ್ಗೆ, ಅವಳು ರೂಢಿ ತಪ್ಪದೆ ಎರಡು ಲೋಟ ಚಹಾ ಮಾಡಿದಳು. ಎರಡನೆಯದು ಆರುವ ಮೊದಲೇ ಪಕ್ಕದ ಮನೆಯ ಆಂಟಿ ಬಂದು ಕುಳಿತರು.

"ಇನ್ನಾದ್ರೂ ನೆಮ್ಮದಿಯಾಗಿರಮ್ಮ. ಮೂರು ತಿಂಗಳು ದಿನಾ ಸಂಜೆ ಕೇಳಿಸ್ಕೊಂಡಿದ್ದೀವಿ. 'ನಿನ್ನ ಮುಖ ಕಂಡರೆ ಅಸಹ್ಯ' ಅಂತ ಕಟ್ಕೊಂಡೋಳಿಗೆ ಕೂಗೋದಾ?"

"ಅದು ನಾಟಕ, ಆಂಟಿ. ಅವರ ಆಫೀಸಿನ ತಂಡದ್ದು. ಪ್ರಾಣದ ಹಾಗಿದ್ದ ರಾಣಿಯನ್ನೇ ಅನುಮಾನಪಟ್ಟು ಕೊಲ್ಲೋ ರಾಜನ ಪಾತ್ರ ಅವರದು. ರಾಣಿಯ ಮಾತು ನಾನು ಓದ್ತಿದ್ದೆ. ಅಷ್ಟು ಗ್ರಾಂಥಿಕವಾಗಿ ಯಾರಾದ್ರೂ ಜಗಳ ಆಡ್ತಾರಾ?"

"ನೀವು ಓದಿದೋರು, ಹಾಗೇ ಆಡ್ತೀರೇನೋ ಅಂದ್ಕೊಂಡ್ವಿ."

ರಾಜನ ಆ 'ಅಸಹ್ಯ'ದ ಮಾತಿಗೆ ಇನ್ನೊಂದು ಅರ್ಧವಿತ್ತು: 'ಕಾಣದಿದ್ದರೆ ಉಸಿರಿಲ್ಲ.' ಅದನ್ನು ಅವನು ಪಿಸುಗುಟ್ಟುತ್ತಿದ್ದ. ಗೋಡೆ ಮೊದಲರ್ಧವನ್ನಷ್ಟೇ ಆಚೆಗೆ ದಾಟಿಸಿತ್ತು.

ಮಧ್ಯಾಹ್ನದ ಹೊತ್ತಿಗೆ ಜಗಳದ ಸುದ್ದಿ ಮೆಟ್ಟಿಲಿಳಿದಿತ್ತು. ಕಸ ಹಾಕಲು ಹೋದವಳನ್ನು ಮನೆ ಮಾಲೀಕರು ತಡೆದರು. "ಪೊಲೀಸರು ಬಂದ್ರೆ ನಾವೇನೂ ಕೇಳಿಸ್ಕೊಂಡಿಲ್ಲ ಅಂತೀವಮ್ಮ. ಹೆದರ್ಬೇಡ."

"ಎದೆನೋವಲ್ಲಿ ಹೋದವರಿಗೆ ಪೊಲೀಸರು ಯಾಕೆ, ಸರ್?"

"ಅದೇ, ಯಾಕೆ? ಸುಮ್ನೆ ಅಂದೆ."

ಗಂಡ ಹೋದ, ಅವನ ಪ್ರೀತಿಯೂ ಸುಳ್ಳಾಗುವುದನ್ನು ಅವಳು ಒಪ್ಪಲಾರಳು. ನಾಟಕದ ಪುಸ್ತಕ ಮರಳಿಸಿ ಎಂದು ನಿರ್ದೇಶಕರು ಬೆಳಿಗ್ಗೆಯೇ ಫೋನ್ ಮಾಡಿದ್ದರು. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಆಂಟಿಯ ಬಾಗಿಲು ತಟ್ಟಿದಳು. "ಬನ್ನಿ, ನೀವೇ ಕೇಳಿ." ಆಂಟಿ ಆಗಲೇ ಚಪ್ಪಲಿ ಮೆಟ್ಟಿದ್ದರು.

ತಾಲೀಮಿನ ಕೋಣೆಯಲ್ಲಿ ದಪ್ಪನೆಯ ಗುಮಾಸ್ತನೊಬ್ಬ ರಟ್ಟಿನ ಕಿರೀಟ ಹೊತ್ತು ಬೆವರುತ್ತಿದ್ದ.

"ಸರ್, ನಮ್ಮವರು ಯಾವ ಪಾತ್ರ ಮಾಡ್ತಿದ್ರು ಅಂತ ಇವರಿಗೆ ಹೇಳಿ."

ನಿರ್ದೇಶಕರ ಕಣ್ಣು ಒದ್ದೆಯಾಯಿತು. "ಬಾಗಿಲು ಕಾಯೋನು. ಎಂಥ ಶ್ರದ್ಧೆ ಅಂತೀರಿ! ಇರೋದು ಒಂದೇ ಮಾತು, 'ಪ್ರಭು, ಬಾಗಿಲು ಹಾಕಿದೆ.' ನಾವು ಅವರವರ ಮಾತಿನ ಚೀಟಿ ಮಾತ್ರ ಬರೆದು ಕೊಡೋದು. ಇವರು ಇಡೀ ಪುಸ್ತಕಾನೇ ಬೇಕು ಅಂತ ಇಸ್ಕೊಂಡು ಹೋದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ."

"ರಾಜ?"

"ಮೊದಲಿಂದಲೂ ಇವರೇ." ಕಿರೀಟದವನು ಕೈಮುಗಿದ.

ಅವಳು ಪುಸ್ತಕ ಹೊರತೆಗೆಯುವಾಗ ಆಂಟಿ ಚೀಲ ಹಿಡಿದುಕೊಂಡರು.

ಅವಳು ಆ ಮಾತಿದ್ದ ಪುಟ ತೆರೆದಳು. ಅವನು ಮನಸಾರೆ ಅಂದದ್ದು ಯಾವುದೋ ಎಂದು, ಎರಡು ಅರ್ಧಗಳಲ್ಲಿ ಯಾವುದರ ಕೆಳಗಾದರೂ ಒಂದು ಪೆನ್ಸಿಲ್ ಗೆರೆ ಇರಬಹುದೆಂದು ಹುಡುಕಿದಳು. ಇರಲಿಲ್ಲ. ಎರವಲು ತಂದ ಪುಸ್ತಕವನ್ನು ಅವನು ಯಾವತ್ತೂ ಗಲೀಜು ಮಾಡಿದವನಲ್ಲ.

"ಕೊಡಿಮ್ಮ, ರಾಜನಿಗೆ ಮಾತು ಮರೆತುಹೋಗ್ತಿದೆ," ಎಂದರು ನಿರ್ದೇಶಕರು.

ಕೊಟ್ಟಳು.