ಒಂದೂವರೆ ಸಾವಿರ ರೂಪಾಯಿಯ ವಿನಾಯಿತಿ

ಇಂದ:
ಸ್ವಪ್ನಾ ಕಾಂತರಾಜ್, ಸೊಸೆ (ಖಾಯಂ), ರಿಪ್ಪನ್‌ಪೇಟೆ

ಗೆ:
ಶ್ರೀಮತಿ ಗುತ್ಯಮ್ಮನವರು, ಮನೆಯ ಯಜಮಾನಿ ಹಾಗೂ ಸ್ಟೀಲ್ ಡಬ್ಬಿಯ ಅಧಿಕಾರಿಗಳು, ಅದೇ ಮನೆ

ವಿಷಯ: ನನ್ನ ಸಂಬಳದ ಮೊದಲ ಒಂದೂವರೆ ಸಾವಿರ ರೂಪಾಯಿಯನ್ನು ಪ್ರತಿ ತಿಂಗಳು ಡಬ್ಬಿಗೆ ಹಾಕದೆ ನನ್ನಲ್ಲೇ ಇಟ್ಟುಕೊಳ್ಳಲು ಅನುಮತಿ ಕೋರಿ.

ಉಲ್ಲೇಖ: ಕಳೆದ ಭಾನುವಾರ ಮೀನು ತೊಳೆಯುತ್ತ ತಾವು ನೀಡಿದ ಮೌಖಿಕ ಆದೇಶ: "ನಿಂಗೆ ಏನ್ ಬೇಕು ಕೇಳು. ನಾನು ಕೊಡಲ್ಲ ಅಂದಿದೀನಾ?"

ಮಾನ್ಯ ಅತ್ತೆಯವರೇ,

ನಾನು ಸಾಗರದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಊರವರ ರಿಟರ್ನ್ ಟೈಪ್ ಮಾಡುವವಳೆಂದು ತಮಗೆ ತಿಳಿದೇ ಇದೆ. ಒಂದನೇ ತಾರೀಕು ಸಂಬಳದ ಕವರನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ತಮ್ಮ ಕೈಗೆ ಕೊಡುವುದು ಈ ಮನೆಯ ಪದ್ಧತಿ. ಆದರೆ ಬೇರೆ ಸರ್ಕಾರಗಳ ಪದ್ಧತಿಯನ್ನೂ ತಾವು ಪರಿಶೀಲಿಸುವುದು ಒಳ್ಳೆಯದಾದ ಕಾರಣ, ಈ ಕೆಳಕಂಡಂತೆ ಅರಿಕೆ:

1. ನಮ್ಮ ದೇಶದಲ್ಲಿ, ಹೊಸ ಪದ್ಧತಿಯಂತೆ, ವರ್ಷಕ್ಕೆ ಹನ್ನೆರಡು ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಇಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯ ದುಡಿಮೆಗಾರರ ಮೊದಲ ಹನ್ನೆರಡೂವರೆ ಸಾವಿರ ಪೌಂಡನ್ನು ಸರ್ಕಾರ ಮುಟ್ಟುವುದಿಲ್ಲ. ಜರ್ಮನಿಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಲೆಕ್ಕ ಕೊಟ್ಟರೆ ತೆರಿಗೆಯಿಲ್ಲದ ಮಿತಿ ಇಮ್ಮಡಿ. ಫ್ರಾನ್ಸಿನಲ್ಲಿ ಮನೆಯ ಮಗುವಿಗೂ ಅರ್ಧ ಪಾಲು ಲೆಕ್ಕ ಹಾಕಿ ತೆರಿಗೆ ಇಳಿಸುತ್ತಾರೆ. ದುಬೈಯಲ್ಲಂತೂ ಸಂಬಳಕ್ಕೆ ತೆರಿಗೆಯೇ ಇಲ್ಲ.

2. ನಮ್ಮ ಮನೆಯಲ್ಲಿ ಮಿತಿ ಸೊನ್ನೆ, ದರ ನೂರಕ್ಕೆ ನೂರು. ಇಂಥ ಸರ್ಕಾರ ಭೂಪಟದಲ್ಲಿ ಎಲ್ಲಿ ಹುಡುಕಿದರೂ ನನಗೆ ಸಿಗಲಿಲ್ಲ.

3. ತಮ್ಮ ಮಗನವರ ಶುಂಠಿ ಹಣ ಡಬ್ಬಿಗೆ ಬರುತ್ತಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ಅವರಿಗೆ ಹೇಳಿಕೊಟ್ಟವಳು ನಾನೇ. ಅವರು ಆ ಕಾನೂನನ್ನು ಮನೆಗೂ ಅನ್ವಯಿಸಿಕೊಂಡಿದ್ದಾರೆ. ಈ ತಪ್ಪಿಗೆ ಕ್ಷಮೆಯಿರಲಿ.

4. ಆಗುಂಬೆಯಲ್ಲಿರುವ ನನ್ನ ತಾಯಿ ಹೂವಮ್ಮನವರಿಗೆ ತೋಳು ನೋವಾದ ಕಾರಣ, ದೀಪಾವಳಿಗೆ ಮಿಕ್ಸಿ ಕೊಡಿಸಲು ತಮ್ಮಲ್ಲಿ ಹಣ ಕೇಳಿದ್ದೆ. ತಾವು ಐನೂರು ಹೆಚ್ಚೇ ಕೊಟ್ಟು, "ಒಳ್ಳೇ ಕಂಪ್ನೀದೇ ತಗೊ, ನಮ್ಮನೆ ಮರ್ಯಾದೆ ಹೋಗ್ಬಾರ್ದು" ಎಂದಿರಿ. ಅಮ್ಮ ಮಿಕ್ಸಿಗೆ ಕುಂಕುಮವಿಟ್ಟು, "ನಿಮ್ಮತ್ತೆ ದೊಡ್ಡ ಮನಸ್ಸಿನೋರು ಕಣೇ. ಅವ್ರ ಋಣ ಹ್ಯಾಗೆ ತೀರ್ಸ್ಲಿ?" ಎಂದರು. ನಾನು ದುಡಿದ ಹಣದಲ್ಲಿ ನಾನೇ ಅಮ್ಮನಿಗೆ ಏನೂ ಕೊಟ್ಟಂತಾಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅಳು ಬಂತು. ತಮ್ಮ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ತಾವು ಮಾಡಿದ್ದು ಒಳ್ಳೆಯದೇ ಆಗಿತ್ತು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂಬ ಗಾದೆಯನ್ನು ನಾನು ಆಧಾರವಾಗಿ ಸಲ್ಲಿಸುತ್ತಿಲ್ಲ. ಕಾಲವೆಲ್ಲ ತಮ್ಮದೇ ಇರಲಿ. ಅಮ್ಮನ ಕನ್ನಡಕದ ಕಡ್ಡಿ ಮುರಿದು, ದಾರ ಕಟ್ಟಿಕೊಂಡಿದ್ದಾರೆ. ಆದ್ದರಿಂದ, ಈ ತಿಂಗಳಿನಿಂದಲೇ ವಿನಾಯಿತಿ ಮಂಜೂರು ಮಾಡಿದಲ್ಲಿ ಹೊಸ ಕನ್ನಡಕ ಮಾಡಿಸಿಕೊಡುತ್ತೇನೆ. ಉಳಿದದ್ದು ಎಂದಿನಂತೆ ಡಬ್ಬಿಗೆ.

ಇಂತಿ ತಮ್ಮ ವಿಶ್ವಾಸಿ, ಉತ್ತರ ಏನೇ ಬಂದರೂ ನಾಳೆ ಕಾಫಿ ಕೊಡುವ,
ಸ್ವಪ್ನಾ

ಲಗತ್ತುಗಳು:
1. ಈ ತಿಂಗಳ ಸಂಬಳದ ಕವರು (ಒಡೆದಿಲ್ಲ).
2. ಮಿಕ್ಸಿಯ ಬಿಲ್ಲು (ತಮ್ಮ ಹೆಸರಿನಲ್ಲಿದೆ).

ವಿಶೇಷ ಸೂಚನೆ: ಕನ್ನಡಕ ಕೊಡಲು ಆಗುಂಬೆಗೆ ಹೋಗುವಾಗ ತಾವೂ ಬರಬೇಕು. ಈ ಹಣ ತಾವು ಬಿಟ್ಟುಕೊಟ್ಟದ್ದೆಂದು ಅಮ್ಮನ ಮುಂದೆ ಮಾತ್ರ ಹೇಳಬಾರದಾಗಿ ಪ್ರಾರ್ಥನೆ.