ಮಡೆಂಜಿ ಅನ್ನ ತಿನ್ನುತ್ತದೆಯೇ?

ಹೊಟ್ಟೆಯೊಳಗೆ ಏನಿದೆ ಎಂದು ತಿಳಿಯಬೇಕಾದರೆ ಕೊಯ್ದೇ ನೋಡಬೇಕು ಎಂದು ನಂಬಿ ಬದುಕಿದವನು ನಾನು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹೊಳೆ, ಗದ್ದೆಗಳ ಮಡೆಂಜಿ ಮೀನು ಏನು ತಿಂದು ಹೇಗೆ ಬೆಳೆಯುತ್ತದೆ ಎಂಬುದು ನನ್ನ ಅಧ್ಯಯನ. ಕಡಲಿನ ಬಂಗುಡೆಯ ಬಗ್ಗೆ ಮಾತಾಡುವವರು ಎಷ್ಟೋ ಜನ, ಮಡೆಂಜಿಯನ್ನು ಕೇಳುವವರಿಲ್ಲ. ಮದುವೆ ಊಟದಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯುವುದಕ್ಕೂ ಇದೇ ಕಾರಣವಿರಬೇಕು.

ಬಂಟ್ವಾಳದ ನಮ್ಮ ಮನೆಯ ಹಿಂದೆ, ನೀರು ಸೇದದ ಹಳೆಯ ಬಾವಿಯಲ್ಲಿ, ನೆರೆ ಇಳಿದ ಮೇಲೆ ಒಂದು ಮಡೆಂಜಿ ಉಳಿಯಿತು. ನನ್ನ ಹೆಂಡತಿ ವಾರಿಜ ದಿನವೂ ಅದಕ್ಕೊಂದು ಹಿಡಿ ಕುಚ್ಚಲಕ್ಕಿ ಅನ್ನ ಹಾಕತೊಡಗಿದಳು.

"ಅದು ಅನ್ನ ತಿನ್ನುವುದಿಲ್ಲ ಮಾರಾಯ್ತಿ. ಕಪ್ಪೆ, ಸಣ್ಣ ಮೀನು ಹಿಡಿದು ತಿನ್ನುವ ಜಾತಿ."

"ಮೀನು ತಿನ್ನುವವರಿಗೆ ಅನ್ನ ಬೇಡವಾ? ನಿಮಗೆ ನಾನು ದಿನಾ ಬಡಿಸುವುದು ಮತ್ತೆಂತ?"

ಕರೆದರೆ ಮೇಲೆ ಬರುತ್ತದೆ ಎಂದೂ ಹೇಳುತ್ತಿದ್ದಳು. ಅದು ಗಾಳಿ ಕುಡಿಯಲು ಬರುವ ಮೀನು, ಕರೆಯದಿದ್ದರೂ ಬರುತ್ತದೆ ಎಂದು ವಿವರಿಸಿದೆ. "ಹಾಗಾದರೆ ನೀವು ಕರೆದು ನೋಡಿ," ಎಂದಳು. ಕರೆದೆ. ಬರಲಿಲ್ಲ. ನೀಲಿ ಸೀರೆಯಲ್ಲಿ ಬಾವಿಕಟ್ಟೆ ಹಿಡಿದು ಅವಳು ನಕ್ಕದ್ದು ಸ್ಪಷ್ಟವಾಗಿ ನೆನಪುಂಟು. ಈಗ ಕಪಾಟು ತೆರೆದರೆ ಅಲ್ಲಿ ನೀಲಿ ಸೀರೆಯೇ ಇಲ್ಲ. ನಗುವನ್ನೂ ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ.

ಕಳೆದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅಂದಿನಿಂದ ಬಾವಿಗೆ ಅನ್ನ ಹಾಕುವುದು ನಾನು. ವಿದ್ಯಾರ್ಥಿಗಳು ನೋಡಬಾರದು ಅಷ್ಟೆ.

ಈ ಬೇಸಿಗೆಯಲ್ಲಿ ಕೆಸರು ತೆಗೆಯಲು ಬಾವಿಗಿಳಿದ ಬೆಳ್ತಂಗಡಿಯ ಸೇಸಪ್ಪ ಮೀನನ್ನು ಬಕೆಟ್ಟಿನಲ್ಲಿ ಹಿಡಿದು ಮೇಲೆ ತಂದ. "ಮಾಷ್ಟ್ರೇ, ಒಳ್ಳೆ ದಪ್ಪ ಉಂಟು. ಪುಳಿಮುಂಚಿ ಸಾರು ಮಾಡುವುದಾ, ನಿಮ್ಮ ಕಾಲೇಜಿಗಾ?"

ಬೆಳಿಗ್ಗೆ ಹಾಕಿದ ಅನ್ನ ಅದರ ಹೊಟ್ಟೆಯಲ್ಲಿ ಇದ್ದರೆ ವಾರಿಜ ಗೆದ್ದಳು, ಇಲ್ಲದಿದ್ದರೆ ನಾನು. ಕೊಯ್ದರೆ ಜಗಳ ತೀರುತ್ತಿತ್ತು. ನಮ್ಮಿಬ್ಬರ ನಡುವೆ ಇನ್ನೂ ತೀರದೆ ಉಳಿದದ್ದು ಅದೊಂದೇ.

"ಒರತೆ ಬಂದ ಮೇಲೆ ಬಾವಿಗೇ ಬಿಡು," ಎಂದೆ.

"ಮಡೆಂಜಿ ಮಾಷ್ಟ್ರು ಮಡೆಂಜಿ ಬಿಡುವುದಾ?" ಸೇಸಪ್ಪ ನನ್ನನ್ನೇ ನೋಡಿದ. ಬಕೆಟ್ಟನ್ನು ಕಟ್ಟೆಯ ಬದಿಗಿಟ್ಟು, "ಊಟ ಆಯ್ತಾ?" ಎಂದು ಕೇಳಿದ.

"ಆಯ್ತು," ಎಂದೆ.

ಅವನು ನಂಬಿದ. ವಾರಿಜ ಇದ್ದಿದ್ದರೆ, ಕೊಯ್ಯದೆಯೇ, ಆಗಿಲ್ಲ ಎಂದು ಹೇಳುತ್ತಿದ್ದಳು.